ಸುಳ್ಳು ಕೆಲಸ, ನಿಜವಾದ ಬೇಸರ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಯಾವುದಾದರೂ ಪಿಯು ಕಾಲೇಜಿನ ಕೌಂಟರ್ ಮುಂದೆ ಹತ್ತು ನಿಮಿಷ ನಿಂತು ನೋಡಿ. ‘ಯಾವ ಕಾಂಬಿನೇಷನ್?’ ಎಂದು ಒಳಗಿನಿಂದ ಕೇಳುತ್ತಾರೆ. ಉತ್ತರ ಹೆಚ್ಚಾಗಿ ಅಪ್ಪನ ಬಾಯಿಂದ ಬರುತ್ತದೆ. ಪಕ್ಕದಲ್ಲಿ ನಿಂತ ಹದಿನಾರರ ಹುಡುಗಿ ಅರ್ಜಿಯ ಮೂಲೆ ಮಡಚುತ್ತಿರುತ್ತಾಳೆ. ಅಂಕ ತೊಂಬತ್ತು ದಾಟಿದ್ದರೆ ಪಿಸಿಎಂಬಿ, ಸ್ವಲ್ಪ ಕಡಿಮೆಯಾದರೆ ಪಿಸಿಎಂಸಿ, ಇನ್ನೂ ಕಡಿಮೆಯಾದರೆ ಕಾಮರ್ಸ್, ಉಳಿದವರು ಆರ್ಟ್ಸ್. ಅಂಕಪಟ್ಟಿ ಆರಿಸಿದ್ದನ್ನು ಮಗಳು ಆರಿಸಿದಳು ಎಂದು ನೆಂಟರಿಗೆ ಹೇಳುತ್ತೇವೆ.

ಎಮ್ಮೆ ಕೊಳ್ಳುವವರು ಎರಡು ಹೊತ್ತು ಹಾಲು ಕರೆಸಿ ನೋಡದೆ ಹಗ್ಗ ಹಿಡಿಯುವುದಿಲ್ಲ. ಸೀರೆ ಅಂಗಡಿಯಲ್ಲಿ ಮಡಿಕೆ ಬಿಚ್ಚಿಸದೆ ಯಾರೂ ದುಡ್ಡು ಕೊಡುವುದಿಲ್ಲ. ನಲವತ್ತು ವರ್ಷ ಮಾಡಬೇಕಾದ ಕೆಲಸವನ್ನು ಮಾತ್ರ ಅದರ ಒಂದು ಬೆಳಗನ್ನೂ ಕಾಣದೆ ಆರಿಸುತ್ತೇವೆ. ವೃತ್ತಿ ಮನೋವಿಜ್ಞಾನದಲ್ಲಿ ದೊಡ್ಡ ಹೆಸರಾದ ಡೊನಾಲ್ಡ್ ಸೂಪರ್ 15ರಿಂದ 24 ವರ್ಷದವರೆಗಿನ ಕಾಲವನ್ನು ‘ಹುಡುಕಾಟದ ಹಂತ’ ಎಂದು ಕರೆದರು. ನಮ್ಮಲ್ಲಿ ಆ ಹಂತ ಶುರುವಾದ ವರ್ಷವೇ ಅರ್ಧ ಬಾಗಿಲು ಮುಚ್ಚುತ್ತದೆ. ಆರ್ಟ್ಸ್ ತೆಗೆದುಕೊಂಡವರು ಎಂಜಿನಿಯರಿಂಗ್ ಕಡೆ ತಿರುಗಲಾರರು, ಜೀವಶಾಸ್ತ್ರ ಬಿಟ್ಟವರಿಗೆ ನೀಟ್ ದಾರಿ ಸುಲಭವಾಗಿ ತೆರೆಯದು.

ಇದು ನಮ್ಮೊಬ್ಬರ ಪಾಡಲ್ಲ. ನಾನಾ ದೇಶಗಳ ಶಾಲಾಮಕ್ಕಳ ಕಲಿಕೆ ಅಳೆಯುವ ಪೀಸಾ ಸಮೀಕ್ಷೆಯ 2018ರ ಸುತ್ತಿನಲ್ಲಿ 41 ದೇಶಗಳ ಹದಿನೈದರ ಮಕ್ಕಳನ್ನು ‘30ನೇ ವಯಸ್ಸಿಗೆ ಏನು ಕೆಲಸದಲ್ಲಿರುತ್ತೀರಿ?’ ಎಂದು ಕೇಳಿದಾಗ, ಹುಡುಗರಲ್ಲಿ 47 ಶೇಕಡಾ, ಹುಡುಗಿಯರಲ್ಲಿ 53 ಶೇಕಡಾ ಮಂದಿ ಕೇವಲ ಹತ್ತು ವೃತ್ತಿಗಳ ಒಳಗೇ ಉತ್ತರಿಸಿದರು. ಡಾಕ್ಟರ್, ಟೀಚರ್, ಎಂಜಿನಿಯರ್, ಪೊಲೀಸ್ ಇಂಥವು. ಭಾರತ ಆ ಸುತ್ತಿನಲ್ಲಿ ಇರಲಿಲ್ಲ, ಇದ್ದಿದ್ದರೆ ಪಟ್ಟಿ ಇನ್ನೂ ಚಿಕ್ಕದಾಗುತ್ತಿತ್ತೇನೋ ಎಂದು ನನ್ನ ಗುಮಾನಿ. ಲೋಕದಲ್ಲಿ ಸಾವಿರಾರು ಬಗೆಯ ಕೆಲಸಗಳಿವೆ. ಮಕ್ಕಳ ಕಣ್ಣಿಗೆ ಬಿದ್ದಿರುವುದು ಹತ್ತು, ಅವೂ ಹೊರಗಿನಿಂದ.

ಹಾಗಾದರೆ ಕೆಲಸದ ಜಾಗಕ್ಕೇ ಕಳಿಸಿದರಾಯಿತಲ್ಲ? ಕಳಿಸಬೇಕು, ಸಾಧ್ಯವಾದಲ್ಲೆಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ನಡುವೆ ಹತ್ತು ದಿನ ಬ್ಯಾಗಿಲ್ಲದೆ ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯುವ ಮಾತಾಡುತ್ತದೆ. ಆದರೆ ಹದಿಹರೆಯದವರನ್ನು ಎಲ್ಲ ಕಡೆಗೂ ಬಿಡಲಾಗದು. ಕಾನೂನಿದೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯಂತೆ, ಮನೆಯ ಕಸುಬಿನಂಥ ಕೆಲವು ವಿನಾಯಿತಿ ಬಿಟ್ಟರೆ 14 ತುಂಬದವರನ್ನು ದುಡಿಮೆಗೆ ಹಚ್ಚುವಂತಿಲ್ಲ. 14ರಿಂದ 18ರವರನ್ನು ಅಪಾಯದ ಕೆಲಸಕ್ಕೆ ತೆಗೆದುಕೊಳ್ಳುವಂತಿಲ್ಲ. ಆಪರೇಷನ್ ಥಿಯೇಟರಿಗೆ, ಬ್ಯಾಂಕಿನ ಸಾಲದ ಕಡತಕ್ಕೆ, ವಿದ್ಯುತ್ ಕಂಬಕ್ಕೆ ಒಂಬತ್ತನೇ ಕ್ಲಾಸಿನ ಹುಡುಗನನ್ನು ಯಾರು ಬಿಟ್ಟಾರು? ಇನ್ನೊಂದು ಸಂಗತಿಯನ್ನು ನಾವು ಗಟ್ಟಿಯಾಗಿ ಹೇಳಿಕೊಳ್ಳುವುದಿಲ್ಲ. ನಿಜವಾದ ಕೆಲಸ ನೋಡಲು ಸಿಗುವುದು ಆ ಕೆಲಸದಲ್ಲಿ ಒಬ್ಬ ಮಾವನಿದ್ದವರಿಗೆ. ಡಾಕ್ಟರ ಮಗ ಕ್ಲಿನಿಕ್ಕಿನಲ್ಲೇ ಹೋಮ್‌ವರ್ಕ್ ಮಾಡಿ ಬೆಳೆಯುತ್ತಾನೆ. ಲಾರಿ ಕ್ಲೀನರನ ಮಗಳು ಸ್ಟೆತಾಸ್ಕೋಪ್ ನೋಡುವುದು ತನಗೆ ಜ್ವರ ಬಂದಾಗ.

ಈ ಸಂದಿಯಲ್ಲಿ ಹುಟ್ಟಿದ್ದು ಅಣಕು ಕೆಲಸ. ಅಣಕು ಮತದಾನ, ಅಣಕು ಸಂಸತ್ತು ನಮಗೆ ಗೊತ್ತಿರುವಂಥವೇ. ಇದೂ ಅದೇ ಜಾತಿ. ಒಂದು ವೃತ್ತಿಯ ನಿಜವಾದ ದಿನದಿಂದ ಒಂದು ತುಂಡು ಕತ್ತರಿಸಿ, ತಪ್ಪಿದರೆ ಯಾರಿಗೂ ಪೆಟ್ಟಾಗದ ಹಾಗೆ ಮಾಡಿ, ಮಗುವಿನ ಮುಂದಿಡುವುದು. ವೃತ್ತಿ ಮಾರ್ಗದರ್ಶನದ ಭಾಷಣದಲ್ಲಿ ‘ನರ್ಸಿಂಗ್ ಉದಾತ್ತ ವೃತ್ತಿ’ ಎಂದು ಕೇಳಿಸಿಕೊಳ್ಳುವುದು ಒಂದು. ಆರು ರೋಗಿಗಳ ಚಾರ್ಟ್ ಕೈಯಲ್ಲಿಟ್ಟು ‘ಮೊದಲು ಯಾರ ಬಳಿ ಹೋಗುತ್ತೀ, ಯಾಕೆ?’ ಎಂದು ಕೇಳಿಸಿಕೊಳ್ಳುವುದು ಬೇರೆ.

ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ ವಿದ್ಯೆ ಇದೆಂದುಕೊಳ್ಳಬೇಡಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಕ್ರಂಬೋಲ್ಟ್ಸ್ ಎಂಬ ಮನೋವಿಜ್ಞಾನಿ 1960ರ ದಶಕದಲ್ಲೇ ಇದನ್ನು ಕಾಗದದ ಮೇಲೆ ಮಾಡಿದ್ದರು. ಅವರ ‘ಜಾಬ್ ಎಕ್ಸ್‌ಪೀರಿಯೆನ್ಸ್ ಕಿಟ್’ 1970ರಲ್ಲಿ ಮಾರುಕಟ್ಟೆಗೆ ಬಂತು: ಇಪ್ಪತ್ತು ವೃತ್ತಿಗಳು, ಒಂದೊಂದಕ್ಕೂ ಒಂದು ಕಿಟ್. ಲೆಕ್ಕಿಗರ ಕಿಟ್ ತೆರೆದ ವಿದ್ಯಾರ್ಥಿಗೆ ಆ ವೃತ್ತಿಯ ಗುಣಗಾನ ಸಿಗುತ್ತಿರಲಿಲ್ಲ, ಲೆಕ್ಕಿಗನೊಬ್ಬ ಬಿಡಿಸುವಂಥ ಸಮಸ್ಯೆ ಸಿಗುತ್ತಿತ್ತು. ಅದನ್ನು ಬಿಡಿಸಲು ಬೇಕಾದಷ್ಟು ಪಾಠ ಕಿಟ್ಟಿನಲ್ಲೇ ಇರುತ್ತಿತ್ತು. ಹೊಸಬನಿಗೂ ಎಟುಕಬೇಕು, ಆದರೂ ಅದು ಆ ವೃತ್ತಿಯದೇ ತೊಡಕಾಗಿರಬೇಕು. ಈ ಎರಡು ಷರತ್ತು ಇವತ್ತಿಗೂ ಹಳತಾಗಿಲ್ಲ.

ಅವರ ಪ್ರಯೋಗಗಳಲ್ಲಿ, ಅದೇ ವೃತ್ತಿಯ ಬಗ್ಗೆ ಬರೀ ಓದಿದವರಿಗಿಂತ ಸಮಸ್ಯೆ ಬಿಡಿಸಿದವರಲ್ಲಿ ಆಸಕ್ತಿ ಹೆಚ್ಚು ಕಂಡಿತು. ಒಳ್ಳೆಯ ಸುದ್ದಿಯೇ. ಆದರೆ ಇದರೊಳಗೊಂದು ಮುಳ್ಳಿದೆ. ಯಾವ ಕಿಟ್ ಕೈಗೆ ಸಿಕ್ಕಿತೋ ಆ ವೃತ್ತಿಯೇ ಚೆನ್ನಾಗಿ ಕಾಣುವುದಾದರೆ, ಒಂದೇ ಕಿಟ್ ಕೊಟ್ಟ ಶಾಲೆ ಮಗುವಿಗೆ ದಾರಿ ತೋರಿಸಿದಂತಲ್ಲ, ಒಂದು ದಾರಿಗೆ ತಳ್ಳಿದಂತೆ. ಊರಿಗೊಂದೇ ಹೋಟೆಲಿದ್ದರೆ ಅಲ್ಲಿನ ಇಡ್ಲಿಯೇ ಶ್ರೇಷ್ಠ. ಅದಕ್ಕೇ ಕನಿಷ್ಠ ನಾಲ್ಕೈದು ಬೇರೆ ಬೇರೆ ಜಾತಿಯ ಕೆಲಸ ಮಾಡಿಸದೆ ‘ಯಾವುದು ಇಷ್ಟವಾಯಿತು?’ ಎಂದು ಕೇಳುವುದೇ ತಪ್ಪು.

ಇನ್ನು ಅಣಕು ಎಷ್ಟು ಅಸಲಿನಂತಿರಬೇಕು? ಇಲ್ಲಿಯೇ ಹೆಚ್ಚಿನವರು ಎಡವುವುದು. ಮೆಕ್ಸಿಕೊ ನಗರದಲ್ಲಿ 1999ರಲ್ಲಿ ಶುರುವಾಗಿ 2013ರಲ್ಲಿ ಮುಂಬೈಗೂ ಬಂದ ಕಿಡ್‌ಜಾನಿಯಾ ಎಂಬ ಮಕ್ಕಳ ನಗರವನ್ನೇ ತೆಗೆದುಕೊಳ್ಳಿ. ಅಲ್ಲಿ ಪುಟ್ಟ ಆಸ್ಪತ್ರೆ, ಪುಟ್ಟ ಬ್ಯಾಂಕು, ಅಗ್ನಿಶಾಮಕ ವಾಹನ, ಮಕ್ಕಳಿಗೆ ಸಂಬಳವಾಗಿ ಅಲ್ಲಿನದೇ ಹಣ. ಸಮವಸ್ತ್ರ ಅಚ್ಚುಕಟ್ಟು. ಎಂಟು ವರ್ಷದವರಿಗೆ ಅದಕ್ಕಿಂತ ಒಳ್ಳೆಯ ಭಾನುವಾರ ಇಲ್ಲ. ಹದಿನೈದರವರಿಗೆ ಅದು ಸಾಲದು. ಅಲ್ಲಿ ಅಸಲಿನಂತಿರುವುದು ಹೊರಗಿನ ವೇಷ; ಬೆಂಕಿ ಆರಿಸುವವನ ಕೆಲಸದಲ್ಲಿ ಕರೆಗಾಗಿ ಕಾಯುತ್ತಾ ಕೂರುವ ಗಂಟೆಗಳೇ ಹೆಚ್ಚೆಂಬುದು ಅಲ್ಲಿ ಕಾಣಿಸದು.

ತರಬೇತಿ ಕ್ಷೇತ್ರದವರು ಈ ಎರಡನ್ನು ಬೇರೆ ಮಾಡುತ್ತಾರೆ. ಒಂದು, ನೋಟದ ಹೋಲಿಕೆ; ಇನ್ನೊಂದು, ಮನಸ್ಸು ಪಡುವ ಕಷ್ಟದ ಹೋಲಿಕೆ. ಅಮೆರಿಕದ ಎಡ್ವಿನ್ ಲಿಂಕ್ 1929ರಲ್ಲಿ ಮಾಡಿದ ವಿಮಾನ ಸಿಮ್ಯುಲೇಟರ್ ನೋಡಲು ಮೋಟು ರೆಕ್ಕೆಯ ನೀಲಿ ಡಬ್ಬಿ, ಜಾತ್ರೆಯ ಆಟಿಕೆಯಂತಿತ್ತು. ಆದರೆ ಮುಚ್ಚಳ ಹಾಕಿದರೆ ಹೊರಗಿನದೇನೂ ಕಾಣದೆ, ಮೀಟರುಗಳನ್ನಷ್ಟೇ ನಂಬಿ ಹಾರಿಸಬೇಕಾದ ಪೈಲಟ್ಟಿನ ದಿಗಿಲು ಅದರೊಳಗೆ ನಿಜವಾಗಿತ್ತು. 1934ರಲ್ಲಿ ಟಪಾಲು ಸಾಗಿಸುವಾಗ ಸೈನ್ಯದ ಪೈಲಟ್‌ಗಳು ಸಾಲಾಗಿ ಸತ್ತ ಮೇಲೆ ಅಮೆರಿಕದ ಸೇನೆ ಇಂಥ ಆರು ಡಬ್ಬಿ ಕೊಂಡಿತು. ಅದು ಕಲಿಸುವ ಯಂತ್ರ, ನಾವು ಮಾತಾಡುತ್ತಿರುವುದು ಆರಿಸಲು ನೆರವಾಗುವ ಸಾಧನ. ಒಂದು ‘ಬರುತ್ತದೆಯೇ?’ ಎಂದು ಕೇಳುತ್ತದೆ, ಇನ್ನೊಂದು ‘ಬೇಕೇ?’ ಎಂದು. ಆದರೂ ಪಾಠ ಎರಡಕ್ಕೂ ಅನ್ವಯಿಸುತ್ತದೆ: ಡಬ್ಬಿ ಚೆಂದವಿರಬೇಕಿಲ್ಲ, ದಿಗಿಲು ಅಸಲಿಯಿರಬೇಕು.

ನಮ್ಮ ಸರ್ಕಾರಿ ಶಾಲೆಗಳ ಮಕ್ಕಳ ಸಂತೆ ಈ ದೃಷ್ಟಿಯಲ್ಲಿ ಮುಕ್ಕಾಲು ದಾರಿ ಬಂದಿದೆ. ಮಕ್ಕಳು ಮನೆಯಿಂದ ಸೊಪ್ಪು, ತೆಂಗಿನಕಾಯಿ, ಮಂಡಕ್ಕಿ ತಂದು ತಕ್ಕಡಿ ಹಿಡಿದು ಕೂರುತ್ತಾರೆ; ಚಿಲ್ಲರೆ ಎಣಿಸುತ್ತಾರೆ, ಚೌಕಾಶಿ ಮಾಡುತ್ತಾರೆ. ಆದರೆ ಕೊಳ್ಳಲು ಬರುವವರು ಅಪ್ಪ, ಅಮ್ಮ, ಮೇಷ್ಟ್ರು. ಹನ್ನೆರಡು ಗಂಟೆಗೆಲ್ಲ ಎಲ್ಲರ ಬುಟ್ಟಿಯೂ ಖಾಲಿ, ಎಲ್ಲರಿಗೂ ಲಾಭ. ನಿಜವಾದ ಸಂತೆಯ ಪಾಠ ಶುರುವಾಗುವುದು ಸಂಜೆ ಐದಕ್ಕೆ, ಕೊತ್ತಂಬರಿ ಬಾಡಲು ಶುರುವಾದಾಗ. ಅರ್ಧ ಬೆಲೆಗೆ ಕೊಡಲೋ, ಮನೆಗೆ ಹೊತ್ತು ಒಯ್ಯಲೋ, ಪಕ್ಕದವನು ಇಳಿಸಿದ್ದಾನೆ, ನಾನೇನು ಮಾಡಲಿ? ಒಂದಿಷ್ಟು ಸೊಪ್ಪು ಮಾರದೇ ಉಳಿಯುವ ಹಾಗೆ ಏರ್ಪಾಟು ಮಾಡಿದರೆ ಮಕ್ಕಳ ಸಂತೆ ವ್ಯಾಪಾರ ಎಂಬ ವೃತ್ತಿಯ ಪರಿಚಯವಾಗುತ್ತದೆ. ಪೋಷಕರು ಬೈಯಬಹುದು, ಬೈಯಲಿ.

ಒಂದು ಅಣಕು ಕೆಲಸವನ್ನು ಕಟ್ಟುವುದು ಹೇಗೆಂದು ನೋಡೋಣ. ಬ್ಯಾಂಕ್ ಅಧಿಕಾರಿಯ ಕೆಲಸ ಎಂದಿಟ್ಟುಕೊಳ್ಳಿ. ಮಕ್ಕಳನ್ನು ಕೇಳಿದರೆ ಅವರು ನೋಟು ಎಣಿಸುತ್ತಾರೆ, ಎಸಿಯಲ್ಲಿ ಕೂರುತ್ತಾರೆ ಎನ್ನುತ್ತಾರೆ. ಒಂದು ಕಡತ ಕೊಡಿ. ಒಳಗೆ ಹೈನುಗಾರಿಕೆ ಸಾಲದ ಮೂರು ಅರ್ಜಿಗಳು, ಹೆಸರು-ಅಂಕಿ ಎಲ್ಲ ನಾವೇ ಹುಟ್ಟಿಸಿದ್ದು. ಸಮಯ ಎರಡು ಗಂಟೆ.

ಮೊದಲನೆಯ ಅರ್ಜಿ ಒಬ್ಬ ಹೆಂಗಸಿನದು. ಎರಡು ಹಸುವಿಗೆ 1,60,000 ರೂಪಾಯಿ ಬೇಕು. ಎರಡೂ ಸೇರಿ ದಿನಕ್ಕೆ 16 ಲೀಟರ್ ಹಾಲು, ಲೀಟರಿಗೆ 32 ರೂಪಾಯಿ ಎಂದು ಬರೆದಿದ್ದಾಳೆ. ತಿಂಗಳಿಗೆ 15,360. ಮೇವು, ಹಿಂಡಿ, ಔಷಧಿಗೆ 9,000 ಕಳೆದರೆ 6,360 ಉಳಿಯಿತು. ಶೇಕಡಾ 11 ಬಡ್ಡಿಗೆ ಐದು ವರ್ಷದ ಕಂತು ತಿಂಗಳಿಗೆ ಸುಮಾರು 3,480. ಕೈಯಲ್ಲಿ 2,880 ನಿಲ್ಲುತ್ತದೆ, ಸಾಲ ಕೊಡಬಹುದು. ಪಟ್ಟಣದ ಮಕ್ಕಳು ಇಲ್ಲಿಗೇ ನಿಂತು ಟಿಕ್ ಹಾಕುವ ಸಾಧ್ಯತೆ ಹೆಚ್ಚು. ದನ ಕಟ್ಟಿದ ಮನೆಯ ಹುಡುಗನಿದ್ದರೆ ಪೆನ್ನು ಕೆಳಗಿಟ್ಟು ಕೇಳುತ್ತಾನೆ: ‘ಸಾರ್, ಹಸು ವರ್ಷವಿಡೀ ಕರೀತದಾ?’ ಕರುಹಾಕುವ ಮುಂಚೆ ಸುಮಾರು ಎರಡು ತಿಂಗಳು ಕರೆಯುವುದನ್ನೇ ನಿಲ್ಲಿಸುತ್ತಾರೆ. ಆ ತಿಂಗಳು ಒಂದೇ ಹಸುವಿನ ಹಾಲು, 7,680 ರೂಪಾಯಿ. ಮೇವಿನ ಖರ್ಚು ಮಾತ್ರ ಹೆಚ್ಚೇನೂ ಇಳಿಯದು. ಲಾಭವಿರಲಿ, ಕಂತೇ ಹುಟ್ಟುವುದಿಲ್ಲ. ಈ ಮಾಹಿತಿಯನ್ನು ಕಡತದಲ್ಲಿ ಬೇಕೆಂದೇ ಬಿಟ್ಟಿರುತ್ತೇವೆ. ಕಾಗದದಲ್ಲಿ ಇಲ್ಲದ್ದನ್ನು ಕೇಳುವುದೇ ಆ ಕೆಲಸದ ಜೀವ.

ಎರಡನೆಯದು ಸಂಬಳದವನದು. ಕಾಗದಗಳೆಲ್ಲ ಹೊಳೆಯುತ್ತವೆ, ಆದರೆ ಕೊಟ್ಟಿಗೆಯ ಫೋಟೊ ಇಲ್ಲ, ಹಸು ನೋಡಿಕೊಳ್ಳುವವರು ಯಾರೆಂಬ ಕಡೆ ಖಾಲಿ ಬಿಟ್ಟಿದ್ದಾನೆ. ಮೂರನೆಯವನು ವಯಸ್ಸಾದ ರೈತ. ಮೂವರಲ್ಲಿ ದನದ ಅನುಭವ ಹೆಚ್ಚಿರುವುದು ಅವನಿಗೇ. ಪಹಣಿ ಮಾತ್ರ ತೀರಿಕೊಂಡ ಅಪ್ಪನ ಹೆಸರಿನಲ್ಲೇ ಇದೆ, ಪೌತಿ ಖಾತೆ, ಅಂದರೆ ವಾರಸುದಾರನ ಹೆಸರಿಗೆ ಬದಲಾವಣೆ, ಆಗಿಲ್ಲ.

ನಲವತ್ತನೇ ನಿಮಿಷಕ್ಕೆ ಒಂದು ಚೀಟಿ ಬರುತ್ತದೆ: ‘ಮ್ಯಾನೇಜರಿಗೆ ಕಡತ ಅರ್ಧ ಗಂಟೆ ಮುಂಚೆಯೇ ಬೇಕಂತೆ.’ ಅರವತ್ತನೇ ನಿಮಿಷಕ್ಕೆ ಮೂರನೆಯ ಅರ್ಜಿದಾರ ಖುದ್ದಾಗಿ ಬಂದು ಎದುರು ಕೂರುತ್ತಾನೆ. ಊರಿನ ಯಾರಾದರೂ ಹಿರಿಯರು, ಇಲ್ಲವೇ ನಾಟಕದ ಹುಚ್ಚಿರುವ ಮೇಷ್ಟ್ರು ಆ ಪಾತ್ರ ಮಾಡಬಹುದು. ಅವನ ಮುಖ ನೋಡಿ ‘ಈಗ ಆಗೋದಿಲ್ಲ ಯಜಮಾನರೇ, ಮೊದಲು ಖಾತೆ ಮಾಡಿಸಿಕೊಂಡು ಬನ್ನಿ’ ಎಂದು ಹದಿನೈದರ ಹುಡುಗಿ ಹೇಳಬೇಕು. ಕೆಲವರಿಗೆ ಗಂಟಲು ಕಟ್ಟೀತು. ಕೆಲವರು ಹೇಳಿ ಮುಗಿಸಿ, ತಾಲ್ಲೂಕು ಕಚೇರಿಯಲ್ಲಿ ಯಾವ ಅರ್ಜಿ ಹಾಕಬೇಕೆಂದೂ ವಿವರಿಸಲು ಶುರು ಮಾಡಿಯಾರು. ಆ ಎರಡು ನಿಮಿಷದಲ್ಲಿ ಸಿಗುವ ಸುಳಿವು ಯಾವ ಆಪ್ಟಿಟ್ಯೂಡ್ ಪರೀಕ್ಷೆಯಲ್ಲೂ ಸಿಗದು. ಬ್ಯಾಂಕಿನ ಕೆಲಸವೆಂದರೆ ಕಾಗದ ಓದುವುದು ಮತ್ತು ಜನರಿಗೆ ಇಲ್ಲ ಎನ್ನುವುದು ಎಂದು ಅವಳಿಗೆ ಒಂದು ಬೆಳಗಿನಲ್ಲಿ ಗೊತ್ತಾಗುತ್ತದೆ. ಖರ್ಚು ನಲವತ್ತು ರೂಪಾಯಿಯ ಜೆರಾಕ್ಸ್.

ಎದುರಿಗೊಬ್ಬ ಮನುಷ್ಯ ಇರುವುದು ಎಷ್ಟು ಮುಖ್ಯ ಎಂಬುದನ್ನು ಜರ್ಮನಿ, ಆಸ್ಟ್ರಿಯಾದವರು ಬಹಳ ಹಿಂದೆಯೇ ಕಂಡುಕೊಂಡರು. ಅಲ್ಲಿ ‘ಅಭ್ಯಾಸ ಕಂಪನಿ’ ಎಂಬ ಪದ್ಧತಿಯಿದೆ. ಆಸ್ಟ್ರಿಯಾದ ವಾಣಿಜ್ಯ ಶಾಲೆಗಳಲ್ಲಿ ಅದು ಪಠ್ಯಕ್ರಮದ ಭಾಗವೇ. ತರಗತಿಯೇ ಒಂದು ಕಂಪನಿ. ಒಬ್ಬ ಲೆಕ್ಕ, ಒಬ್ಬಳು ಖರೀದಿ, ಇನ್ನೊಬ್ಬ ಮಾರಾಟ. ಸರಕಿಲ್ಲ, ದುಡ್ಡಿಲ್ಲ. ಆದರೆ ಇನ್‌ವಾಯ್ಸ್ ಇದೆ, ತೆರಿಗೆ ಇದೆ, ಬ್ಯಾಂಕ್ ಖಾತೆ ಇದೆ, ತಡವಾಗಿ ಬಂದ ಪಾವತಿಗೆ ಬರೆಯಬೇಕಾದ ಖಾರದ ಪತ್ರವೂ ಇದೆ. ಈ ಕಂಪನಿಗಳು ತಮ್ಮ ತಮ್ಮಲ್ಲೇ ವ್ಯಾಪಾರ ಮಾಡುತ್ತವೆ. ಜಗತ್ತಿನಾದ್ಯಂತ ಇಂಥ ಸಾವಿರಾರು ಇವೆ, ಅವುಗಳ ಜಾಲದ ಕೇಂದ್ರ ಜರ್ಮನಿಯ ಎಸ್ಸೆನ್ ನಗರದಲ್ಲಿದೆ. ಇದೇ ಮಾದರಿ 1996ರಲ್ಲಿ ನ್ಯೂಯಾರ್ಕಿನ ಹೈಸ್ಕೂಲುಗಳಿಗೂ ಹೋಯಿತು. ಹುಸಿ ಸರಕು ಕಳಿಸಿದ್ದು ಹುಸಿ ಗ್ರಾಹಕನಿಗೇ ಆದರೂ, ಅತ್ತ ಕಡೆ ಕೂತವಳು ಬೇರೆ ಊರಿನ ನಿಜವಾದ ಹುಡುಗಿ. ತಪ್ಪು ಬಿಲ್ ಹೋದರೆ ಅವಳಿಂದ ನಿಜವಾದ ಸಿಟ್ಟಿನ ಮೇಲ್ ಬರುತ್ತದೆ.

ಈಗಿನ ಆನ್‌ಲೈನ್ ಜಾಬ್ ಸಿಮ್ಯುಲೇಷನ್‌ಗಳಲ್ಲಿ ಇಲ್ಲದಿರುವುದು ಇದೇ. ಫೋರೇಜ್‌ನಂಥ ತಾಣಗಳಲ್ಲಿ ದೊಡ್ಡ ಬ್ಯಾಂಕು, ಸಲಹಾ ಸಂಸ್ಥೆ, ಸಾಫ್ಟ್‌ವೇರ್ ಕಂಪನಿಗಳು ತಮ್ಮ ಕೆಲಸದ ತುಣುಕುಗಳನ್ನು ಐದಾರು ಗಂಟೆಯ ಟಾಸ್ಕ್‌ಗಳಾಗಿ ಬಿಟ್ಟಿಯಾಗಿ ಕೊಡುತ್ತವೆ. ಇವು ಹೆಚ್ಚಾಗಿ ಕಾಲೇಜಿನವರಿಗಾಗಿ ಇವೆ, ಪಿಯುಸಿಯವರಿಗೂ ಕೆಲವು ಎಟುಕುತ್ತವೆ. ಟಾಸ್ಕ್ ಮುಗಿಸಿ ಕಳಿಸಿದ ಮೇಲೆ ಮಾದರಿ ಉತ್ತರ ತೆರೆಯುತ್ತದೆ, ನೀವೇ ಹೋಲಿಸಿಕೊಳ್ಳಬೇಕು. ರಾಯಚೂರಿನ ಹುಡುಗನೂ ಲಂಡನ್ನಿನ ಹುಡುಗನೂ ಒಂದೇ ಟಾಸ್ಕ್ ಮಾಡಬಹುದು ಎಂಬುದು ಸಣ್ಣ ಮಾತಲ್ಲ. ಆದರೆ ಯಾರೂ ಬೈಯುವುದಿಲ್ಲ, ಯಾರೂ ಮಧ್ಯೆ ಬಂದು ಕೆಡಿಸುವುದಿಲ್ಲ. ಸಹೋದ್ಯೋಗಿ ಎಂಬ ಪ್ರಾಣಿ ಅಲ್ಲಿಲ್ಲ, ಕೆಲಸ ಬಿಡುವವರಲ್ಲಿ ಎಷ್ಟೋ ಮಂದಿ ಬಿಡುವುದು ಆ ಪ್ರಾಣಿಯಿಂದಾಗಿಯೇ! ಸಿಮ್ಯುಲೇಷನ್ ಕಟ್ಟಿದ್ದು ಕಂಪನಿಯೇ ಆದ್ದರಿಂದ ತನ್ನ ಕೆಲಸದ ಬೇಸರದ ಭಾಗವನ್ನು ಅದು ತೋರಿಸುವ ಸಂಭವವೂ ಕಡಿಮೆ. ಕೊನೆಗೊಂದು ಪ್ರಮಾಣಪತ್ರ ಬರುತ್ತದೆ. ನಮ್ಮವರಿಗೆ ಅದು ಸಿಕ್ಕರೆ ಸಾಕು, ಕೆಲಸ ಇಷ್ಟವಾಯಿತೇ ಎಂದು ಕೇಳುವವರಾರು?

ಬೇಸರವನ್ನು ಮುಚ್ಚಿಡುವುದರಿಂದ ಆಗುವ ನಷ್ಟದ ಬಗ್ಗೆ ಹಳೆಯ ಒಂದು ಪ್ರಯೋಗವಿದೆ. ಜಾನ್ ವಾನಸ್ ಎಂಬ ಸಂಶೋಧಕರು 1973ರಲ್ಲಿ ಪ್ರಕಟಿಸಿದ್ದು. ಅಮೆರಿಕದ ಟೆಲಿಫೋನ್ ಕಂಪನಿಯೊಂದರಲ್ಲಿ ಆಪರೇಟರ್ ಕೆಲಸಕ್ಕೆ ಬಂದವರಲ್ಲಿ ಕೆಲವರಿಗೆ ಎಂದಿನ ಬಣ್ಣದ ಚಿತ್ರಣದ ಫಿಲ್ಮ್ ತೋರಿಸಿದರು, ಉಳಿದವರಿಗೆ ಕೆಲಸದ ಏಕತಾನತೆ, ಬೆನ್ನ ಹಿಂದೆ ನಿಂತ ಮೇಲ್ವಿಚಾರಕರನ್ನೂ ಸೇರಿಸಿ ಇದ್ದದ್ದು ಇದ್ದಂತೆ ತೋರಿಸಿದರು. ಇದ್ದದ್ದನ್ನು ನೋಡಿದವರು ಕೆಲಸ ಬೇಡವೆಂದು ಓಡಿಹೋಗಲಿಲ್ಲ. ಸೇರಿದ ಮೇಲೆ ಬಿಟ್ಟುಹೋಗುವ ಯೋಚನೆ ಅವರಿಗೇ ಕಡಿಮೆ ಬಂತು. ಪ್ರತಿ ವೃತ್ತಿಗೂ ಅದರದೇ ಜಾತಿಯ ಬೇಸರವಿದೆ: ವಕೀಲರಿಗೆ ಮುಂದೂಡಿಕೆ, ಪ್ರೋಗ್ರಾಮರಿಗೆ ಇನ್ನೊಬ್ಬ ಬರೆದಿಟ್ಟ ಕೋಡ್, ಮೇಷ್ಟ್ರಿಗೆ ಮೌಲ್ಯಮಾಪನದ ಕಟ್ಟು. ಯಾವ ಬೇಸರವನ್ನು ನಾನು ತಾಳಿಕೊಳ್ಳಬಲ್ಲೆ ಎಂಬುದು ಹದಿನಾರರಲ್ಲಿ ‘ನನ್ನ ಕನಸು ಯಾವುದು’ ಎಂಬುದಕ್ಕಿಂತ ಉಪಯೋಗದ ಪ್ರಶ್ನೆ. ಅದಕ್ಕೇ ಒಳ್ಳೆಯ ಅಣಕು ಕೆಲಸದಲ್ಲಿ ಹೇಳಿಕೆಯಿಲ್ಲದೆ ಒಂದು ಸಪ್ಪೆ ಭಾಗ ಸೇರಿಸಿರಬೇಕು. ಕಡತದ ಮೂರು ಅರ್ಜಿಗಳ ವಿವರವನ್ನು ರಿಜಿಸ್ಟರಿಗೆ ಕೈಯಲ್ಲೇ ಇಳಿಸು ಎಂದು ಕೊಡಿ. ಯಾರು ಅದನ್ನು ನೆಮ್ಮದಿಯಿಂದ ಮಾಡುತ್ತಾರೆ, ಯಾರು ಗಡಿಯಾರ ನೋಡುತ್ತಾರೆ ಎಂದು ಅವರಿಗೇ ತಿಳಿಯಲಿ.

ಕೆಲಸ ಮುಗಿದ ಮೇಲಿನ ಅರ್ಧ ಗಂಟೆಯ ಮಾತುಕತೆಯನ್ನು ಕೈಬಿಟ್ಟರೆ ಮಾಡಿದ್ದೆಲ್ಲ ಆಟವಾಗಿ ಉಳಿಯುತ್ತದೆ. ‘ಹೇಗಿತ್ತು?’ ಎಂದರೆ ‘ಚೆನ್ನಾಗಿತ್ತು ಮಿಸ್’ ಎಂಬ ಉತ್ತರ ಸಿದ್ಧ. ಎಲ್ಲಿ ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ? ಎಲ್ಲಿ ಎದ್ದು ಹೋಗಬೇಕೆನಿಸಿತು? ಯಾವ ತಪ್ಪು ಮನೆಗೆ ಹೋದರೂ ಕಾಡುತ್ತದೆ? ಹೀಗೆ ಕೇಳಬೇಕು. ಇನ್ನೊಂದು ಎಚ್ಚರ: ಅಂಕ ಕೊಡಬಾರದು. ಹತ್ತಕ್ಕೆ ನಾಲ್ಕು ಬಂದ ಕೂಡಲೇ ಅದೂ ಪರೀಕ್ಷೆಯಾಗುತ್ತದೆ, ‘ನನಗೆ ಬ್ಯಾಂಕ್ ಆಗಿಬರಲ್ಲ’ ಎಂಬ ತೀರ್ಪಾಗುತ್ತದೆ. ಎರಡು ಗಂಟೆಯಲ್ಲಿ ಯಾರಿಗೂ ಯಾವ ಕೆಲಸವೂ ಬಂದುಬಿಡುವುದಿಲ್ಲ. ಬಾರದಿದ್ದರೂ ಇನ್ನೊಮ್ಮೆ ಮಾಡಬೇಕೆನಿಸಿತೇ ಎಂಬುದಷ್ಟೇ ಅಲ್ಲಿ ನೋಡಬೇಕಾದ್ದು. ‘ಇದು ನನಗೆ ಬೇಡ’ ಎಂಬ ಉತ್ತರವೂ ಲಾಭವೇ, ಎರಡು ವರ್ಷದ ಕೋಚಿಂಗ್ ಫೀಸಿನ ಲೆಕ್ಕ ಹಾಕಿದವರಿಗೆ ಅದು ಬೇಗ ಅರ್ಥವಾಗುತ್ತದೆ.

ಇನ್ನೊಂದು ಕೊರತೆ ನನ್ನನ್ನು ಹೆಚ್ಚು ಕಾಡುತ್ತದೆ. ಸಿದ್ಧವಾಗಿ ಸಿಗುವ ಅಣಕು ಕೆಲಸಗಳಲ್ಲಿ ಹೆಚ್ಚಿನವು ಪರದೆಯ ಮುಂದೆ ಕೂತು ಮಾಡುವಂಥವು. ಪರದೆಯ ಕೆಲಸವನ್ನು ಪರದೆಯಲ್ಲಿ ಅಣಕಿಸುವುದು ಸುಲಭ, ಅಷ್ಟೇ ಕಾರಣ. ಹೀಗಾಗಿ ಐಟಿ, ಮಾರ್ಕೆಟಿಂಗ್, ಹಣಕಾಸು ತುಂಬಿಕೊಂಡಿವೆ. ಐಸಿಯು ನರ್ಸ್, ಟೂಲ್ ಅಂಡ್ ಡೈ ತಂತ್ರಜ್ಞ, ಬಸ್ ಡಿಪೋದ ಮೆಕ್ಯಾನಿಕ್, ಪಶುವೈದ್ಯಕೀಯ ಸಹಾಯಕ, ಸರ್ವೇಯರ್ ಕಾಣುವುದೇ ಇಲ್ಲ. ಮಕ್ಕಳ ಹತ್ತರ ಪಟ್ಟಿಯನ್ನು ಹಿಗ್ಗಿಸಲು ಹೊರಟ ಸಾಧನ ಅದನ್ನೇ ಇನ್ನಷ್ಟು ಗಟ್ಟಿ ಮಾಡಿಬಿಡಬಹುದು.

ಅವನ್ನು ಊರಿನಲ್ಲೇ ಕಟ್ಟಿಕೊಳ್ಳಬೇಕು. ಅದಕ್ಕೆ ಬೇಕಾದವರು ಊರಿನಲ್ಲೇ ಇದ್ದಾರೆ: ನಿವೃತ್ತ ಮ್ಯಾನೇಜರ್, ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್, ಲೈನ್‌ಮನ್. ಅವರನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರೆ ತಮ್ಮ ವೃತ್ತಿಯ ಹಿರಿಮೆಯ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿ ಹೋಗುತ್ತಾರೆ, ಅದರಿಂದ ಒಂದು ಸಾಲೂ ಹುಟ್ಟದು. ಟೀ ಅಂಗಡಿಯಲ್ಲಿ ಸಿಕ್ಕಾಗ ‘ನಿನ್ನೆ ಏನು ಮಾಡಿದ್ರಿ?’ ಎಂದಷ್ಟೇ ಕೇಳಿ. ‘ನಿನ್ನೆನಾ?’ ಎಂದು ಲೈನ್‌ಮನ್ ಲೋಟ ಕೆಳಗಿಡುತ್ತಾನೆ. ‘ನಿನ್ನೆ ಮಧ್ಯಾಹ್ನ ಎರಡು ಟ್ರಾನ್ಸ್‌ಫಾರ್ಮರು ಒಟ್ಟಿಗೇ ಸುಟ್ಟೋಯ್ತು. ಬದಲಿಗೆ ಹಾಕೋಕೆ ಇದ್ದಿದ್ದು ಒಂದೇ. ಒಂದು ಕಡೆ ಕುಡಿಯೋ ನೀರಿನ ಮೋಟ್ರು, ಇನ್ನೊಂದು ಕಡೆ ಮೂವತ್ತು ಜನ ಕಬ್ಬಿಗೆ ನೀರು ಕಟ್ಟೋರು. ಫೋನು ಹಂಗೇ ಹೊಡ್ಕೊತಾ ಇತ್ತು…’

ಇಲ್ಲಿಂದ ಬರೆದುಕೊಳ್ಳಲು ಶುರು ಮಾಡಬಹುದು.